ಐದು ಅಂಗಡಿಯ ಪಾರ್ಸಲ್ಲುಗಳು

ಮಗಳ ಮೊದಲ ಹೆರಿಗೆಗೆ ತೊಟ್ಟಿಲು, ಬಟ್ಟೆ ಎಲ್ಲ ತವರಿನವರದೇ. ಸೀಮಂತದ ಕುಬಸ ಮುಗಿಸಿ ಅವಳನ್ನು ಗಂಡನ ಊರು ಹತ್ತರಗಿಯಿಂದ ಗೋಕಾಕ ಫಾಲ್ಸ್‌ನ ನಮ್ಮ ಮನೆಗೆ ಕರೆತಂದ ದಿನದಿಂದ ನಾನು ಮೊಬೈಲು ಹಿಡಿದು ಕೂತೆ. ಕೂಸಿನ ಸೊಳ್ಳೆಪರದೆಗೆ ಒಂದು ಆ್ಯಪಿನಲ್ಲಿ ಒಂದು ರೇಟು, ಇನ್ನೊಂದರಲ್ಲಿ ಮತ್ತೊಂದು. ಬೆಳಗ್ಗೆ ಇದ್ದದ್ದು ಸಂಜೆಗೆ ಇಳಿಯುತ್ತಿತ್ತು.

"ಮಿಲ್ ಬಿಟ್ಟರೂ ನಿಮ್ಮ ಪಾಳಿ ಮುಗೀಲಿಲ್ಲ ನೋಡ್ರಿ," ಎಂದು ಹೆಂಡತಿ ನಗುತ್ತಿದ್ದಳು. "ಬರೇ ನೋಡ್ರಿ, ತರಸಬ್ಯಾಡ್ರಿ. ಕೂಸು ಕೈಗೆ ಬರೋತನಕ ಮನ್ಯಾಗ ಹೊಸ ಅರಿವಿ, ತೊಟ್ಟಿಲು ಏನೂ ಬರಬಾರದು."

ನಮ್ಮಲ್ಲಿ ಹಾಗೇ. ಹುಟ್ಟಿದ ಕೂಸನ್ನು ಮೊದಲು ಸುತ್ತುವುದು ಅಜ್ಜಿಯ ಹಳೆಯ ಸೀರೆಯಲ್ಲಿ, ಹೊಸದೆಲ್ಲ ಆಮೇಲೆ. ನಾನು ಹೂಂ ಅಂದೆ. ಆದರೆ ರಿಯಾಯಿತಿಯ ವಾರ ಬಂದಾಗ ತಡೆಯಲಾಗಲಿಲ್ಲ. ತೊಟ್ಟಿಲು ಒಂದು ಕಡೆ ಅಗ್ಗ, ಹಾಸಿಗೆ ಇನ್ನೊಂದು ಕಡೆ. ಐದು ಸಾಮಾನನ್ನು ಐದು ಅಂಗಡಿಗಳಿಂದ ತರಿಸಿದೆ. ಅವು ಬರುವಷ್ಟರಲ್ಲಿ ಹೆರಿಗೆ ಆಗಿರುತ್ತದೆ ಎಂದುಕೊಂಡೆ.

ಹೆರಿಗೆ ಆಯಿತು. ಹೆಣ್ಣು ಕೂಸು. ಅಳಲೇ ಇಲ್ಲ.

ತೊಟ್ಟಿಲು ತರಿಸಿದ್ದಕ್ಕೆ ಕೂಸು ಹೋಯಿತೆಂದು ನಾನು ನಂಬುವುದಿಲ್ಲ. ಆದರೆ ಆ ಪದ್ಧತಿ ಯಾಕಿತ್ತು ಎಂಬುದು ಆಗ ತಿಳಿಯಿತು. ರದ್ದು ಮಾಡಲು ಹೋದರೆ ಸಾಮಾನು ಆಗಲೇ ದಾರಿಯಲ್ಲಿತ್ತು. ಒಂದೇ ಅಂಗಡಿಯಲ್ಲಿ ಕೊಂಡಿದ್ದರೆ ಒಂದೇ ದಿನ ಬರುತ್ತಿತ್ತು. ನನ್ನ ಅಗ್ಗದ ಆಸೆಗೆ ಒಂದೊಂದು ದಿನ ಒಂದೊಂದು ಬಂತು. ಓಣಿಯ ಮೂಲೆಯಲ್ಲಿ ಕಾದು ನಿಂತು, ಮನೆಯವರಿಗೆ ಗೊತ್ತಾಗದಂತೆ ನಾಲ್ಕನ್ನು ತಿರುಗಿ ಕಳಿಸಿದೆ. ಐದನೆಯದು ಬಂದ ದಿನ ಕೆಲಸದ ಮೇಲೆ ಹುಕ್ಕೇರಿಗೆ ಹೋಗಿದ್ದೆ.

ಮನೆಗೆ ಬಂದಾಗ ಮಗಳು ಹಾಸಿಗೆಯ ಮೇಲೆ ಕೂತು, ಒಂದು ಕೆಂಪು ಕುಲಾಯಿಯನ್ನೂ ಪುಟ್ಟ ಕಾಲುಚೀಲಗಳನ್ನೂ ಮಡಿಚಿ ಪೊಟ್ಟಣಕ್ಕೆ ಮರಳಿ ತುಂಬುತ್ತಿದ್ದಳು.

"ಯಾರದೋ ತಪ್ಪಿ ಬಂದೈತಿ ಯವ್ವಾ," ಅಂದೆ.

ಪೊಟ್ಟಣದ ಮೇಲೆ ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ಅವಳು ಡಿಗ್ರಿ ಓದಿದವಳು.

"ಹಂಗಾದ್ರ ಅವರಿಗೆ ಮುಟ್ಟಿಸಿ ಬರ್ರಿ ಅಪ್ಪಾ. ಥಂಡಿ ದಿನ. ಆ ಕೂಸಿಗೆ ಬೇಕಾಗಿರ್ತೈತಿ."

ಮರುದಿನ ಪೊಟ್ಟಣ ಹಿಡಿದು ಮೂಡಲಗಿ ಬಸ್ಸು ಹತ್ತಿದೆ. ದಾರಿಯ ಮಸಗುಪ್ಪಿಯಲ್ಲಿ ಇಳಿದು, ತಂಗಿಯ ಮನೆಯ ಅಟ್ಟದ ಮೇಲಿಟ್ಟು ಸಂಜೆಗೆ ಮರಳಿದೆ.

"ಸಿಕ್ಕರೇನ್ರಿ ಅವರು?" ಎಂದು ಮಗಳು ಕೇಳಿದಳು.

"ಸಿಕ್ಕರು."

"ಏನ್ ಕೂಸ್ರಿ ಅವರದು?"

ಆಗಲಾದರೂ ಅವಳ ಬಾಜೂ ಕೂತು ತಪ್ಪಾಯಿತು ಅನ್ನಬೇಕಿತ್ತು. ಆ ಒಂದು ಮಾತಿಗೇ ಅವಳು ಕಾಯುತ್ತಿದ್ದಳೆಂದು ಈಗ ಅನಿಸುತ್ತದೆ. ನಾನು "ಹೆಣ್ಣು" ಅಂದೆ.

"ಛಲೋ ಆತು ಬಿಡ್ರಿ," ಎಂದು ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಅವಳು ಹತ್ತರಗಿಗೆ ಮರಳಿ ಎರಡು ವರ್ಷವಾಯಿತು. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ನನ್ನ ಮೊಣಕಾಲು ನೋವು ಕೇಳುತ್ತಾಳೆ. ಹೇಳಬೇಕಾದದ್ದನ್ನು ನಾನು ಇನ್ನೂ ಹೇಳಿಲ್ಲ.