ಐದಡಿಯ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಎತ್ತರ ಐದಡಿ. ಇದನ್ನು ನಾನು ಹೇಳಬೇಕಾಗಿಲ್ಲ, ದೊಡ್ಡಪ್ಪ ಇನ್ನೂರ ಹದಿನಾರು ಫೋಟೋಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಾರೆ. ‘ಹೆಂಡತಿ, ಐದು ಅಡಿ.’ ಅಷ್ಟೇ. ಅವಳ ಹೆಸರಿಲ್ಲ, ಆ ದಿನ ಬಿಸಿಲಿತ್ತೋ ಮೋಡವಿತ್ತೋ ಗೊತ್ತಿಲ್ಲ, ಅವಳಿಗೆ ಅಲ್ಲಿ ನಿಲ್ಲಲು ಇಷ್ಟವಿತ್ತೋ ಇಲ್ಲವೋ ಎಂದು ಕೇಳಿದವರಂತೂ ಇಲ್ಲವೇ ಇಲ್ಲ.

ದೊಡ್ಡಪ್ಪ ಬಡಗಿ. ಮೇಜು ಕುರ್ಚಿ ಮಾಡಿಕೊಡಿ ಎಂದರೆ ಮುಖ ಗಂಟು ಹಾಕಿಕೊಳ್ಳುವ ಬಡಗಿ. ಅವರದೇನಿದ್ದರೂ ಬಾಗಿಲು. ಮದುವೆಯಾದ ಮೂರನೆಯ ವರ್ಷ, ದೂರದ ದೇಶವೊಂದರಲ್ಲಿ ದೊಡ್ಡ ಆಸ್ಪತ್ರೆ ಕಟ್ಟುತ್ತಿದ್ದಾರೆ, ಬಾಗಿಲು ಕೂರಿಸಲು ಪಳಗಿದ ಕೈ ಬೇಕು ಎಂದು ಕರೆ ಬಂತು. ಎರಡು ವರ್ಷದ ಕರಾರು. ದೊಡ್ಡಮ್ಮನನ್ನೂ ಕರೆದುಕೊಂಡು ಹೊರಟರು. ಅಲ್ಲಿ ಕೆಲಸ ಬಿಟ್ಟು ಹೋಗುತ್ತಿದ್ದ ಮೇಸ್ತ್ರಿಯೊಬ್ಬ ತನ್ನ ಹಳೆಯ ಕ್ಯಾಮೆರಾವನ್ನು ದೊಡ್ಡಪ್ಪನ ಕೈಗಿತ್ತು ಹೋದ. ಅಲ್ಲಿಂದ ಶುರುವಾಯಿತು ನೋಡಿ.

ರಜೆಯ ದಿನ ಉಳಿದ ಕೆಲಸಗಾರರೆಲ್ಲ ಸಮುದ್ರದ ಮುಂದೆ, ಕಾರಂಜಿಯ ಮುಂದೆ ಹಲ್ಲು ಕಿರಿದು ಫೋಟೋ ಹಿಡಿಸಿಕೊಳ್ಳುತ್ತಿದ್ದರು. ನಮ್ಮ ದೊಡ್ಡಪ್ಪ ಬೀದಿ ಬೀದಿ ಸುತ್ತಿ ಬಾಗಿಲುಗಳ ಫೋಟೋ ತೆಗೆದರು. ಗೋದಾಮಿನ ಬಾಗಿಲು, ಶಾಲೆಯ ಬಾಗಿಲು, ಯಾರದೋ ಮನೆಯ ಹಿತ್ತಿಲ ಬಾಗಿಲು. ಊರಿಗೆ ಮರಳಿದ ಮೇಲೆ ಅಂಥವನ್ನು ತಾವೂ ಮಾಡಬೇಕೆಂಬ ಆಸೆ. ಆದರೆ ಪರರ ಬಾಗಿಲಿಗೆ ಟೇಪು ಹಿಡಿದು ನಿಂತರೆ ಕಳ್ಳನೆಂದು ಹಿಡಿದುಕೊಟ್ಟಾರು. ಅದಕ್ಕೆ ಅವರು ಕಂಡುಕೊಂಡ ಉಪಾಯವೇ ದೊಡ್ಡಮ್ಮ. ಬಾಗಿಲವಾಡಕ್ಕೆ ಹಿಮ್ಮಡಿ ತಾಗಿಸಿ ನೆಟ್ಟಗೆ ನಿಲ್ಲಬೇಕು. ಕಾಲಿಗೆ ತೆಳ್ಳನೆಯ ಚಪ್ಪಲಿಯೇ ಆಗಬೇಕು. ದೊಡ್ಡಪ್ಪ ಹನ್ನೆರಡು ಹೆಜ್ಜೆ ಹಿಂದೆ ಸರಿದು, ಕ್ಯಾಮೆರಾವನ್ನು ಎದೆಗೊತ್ತಿಕೊಂಡು ಕ್ಲಿಕ್ಕಿಸುತ್ತಿದ್ದರು. ಹೆಂಡತಿ ಐದಡಿ, ಹಾಗಾದರೆ ಬಾಗಿಲು ಎಷ್ಟು? ಮಿಕ್ಕಿದ್ದು ಲೆಕ್ಕ.

ಆ ಆಲ್ಬಮ್ ನೋಡಿ ನಕ್ಕು ನಕ್ಕು ಸುಸ್ತಾಗದ ನೆಂಟರಿಲ್ಲ. ಪುಟ ತಿರುಗಿಸಿದರೆ ಬಾಗಿಲು, ಪಕ್ಕದಲ್ಲಿ ನೆಲ ಗುಡಿಸುವಷ್ಟು ಉದ್ದದ ಕೋಟು ತೊಟ್ಟು, ಮುಖ ಊದಿಸಿಕೊಂಡು ನಿಂತ ದೊಡ್ಡಮ್ಮ. ಪ್ರತಿ ಫೋಟೋದ ಮೂಲೆಯಲ್ಲಿ ದೊಡ್ಡಪ್ಪನ ಹೆಬ್ಬೆರಳು. ನಮ್ಮಪ್ಪ ಅವಳಿಗೆ ‘ಅಳತೆಗೋಲು’ ಎಂದೇ ಹೆಸರಿಟ್ಟಿದ್ದ. ಅವಳು ನಗುತ್ತಿದ್ದಳು, ಆದರೆ ಆ ನಗು ನನಗೆ ಎಂದೂ ಹಿಡಿಸಿರಲಿಲ್ಲ. ಒಂದೇ ಒಂದು ಫೋಟೋದಲ್ಲಿ ಮಾತ್ರ, ಹಳೆಯ ಅಂಚೆ ಕಚೇರಿಯ ಜೋಡಿ ಕದದ ಪಕ್ಕದಲ್ಲಿ, ಗಲ್ಲ ಎತ್ತಿ, ಏನನ್ನೋ ಗೆದ್ದವಳ ಹಾಗೆ ನಿಂತಿದ್ದಾಳೆ. ಅದರಲ್ಲಿ ಕದಕ್ಕೆ ತೂಗುಹಾಕಿದ ಹಿತ್ತಾಳೆ ಬಳೆಯ ಕೆಳಗಿನ ಅಂಚಿನ ಮಟ್ಟಕ್ಕೆ ಅವಳ ನೆತ್ತಿ ಸರಿಯಾಗಿ ಬರುತ್ತದೆ.

ಮೂವತ್ತೆಂಟು ವರ್ಷಗಳ ಮೇಲೆ ಆ ಫೋಟೋವೇ ನಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋಯಿತು. ಬೇಸಿಗೆ ರಜೆಯಲ್ಲಿ ಮಾಡಲು ಕೆಲಸವಿಲ್ಲದೆ ನಾನು ಆಲ್ಬಮ್ಮನ್ನೆಲ್ಲ ಸ್ಕ್ಯಾನ್ ಮಾಡಿ, ಯಾವ ಬಾಗಿಲು, ದೊಡ್ಡಮ್ಮ ಎಷ್ಟೆತ್ತರ ಎಂದು ಬರೆದು ಅಂತರ್ಜಾಲಕ್ಕೆ ಹಾಕಿದ್ದೆ. ಒಂದು ದಿನ ಆ ದೇಶದ ಎಂಜಿನಿಯರ್ ಹುಡುಗಿಯೊಬ್ಬಳ ಪತ್ರ ಬಂತು. ಕೆಡವಿ ಹಾಕಿದ್ದ ಅಂಚೆ ಕಚೇರಿಯನ್ನು ನಗರಸಭೆಯವರು ವಾಚನಾಲಯವಾಗಿ ಮತ್ತೆ ಕಟ್ಟುತ್ತಿದ್ದಾರೆ, ಗೋಡೆ ಎದ್ದಿದೆ, ಬಾಗಿಲು ಹೇಗಿತ್ತೆಂದು ತೋರಿಸುವ ಚಿತ್ರ ಊರಿನಲ್ಲಿ ಯಾರ ಬಳಿಯೂ ಇಲ್ಲ, ನಿಮ್ಮ ಫೋಟೋ ಸಮೇತ ಬನ್ನಿ ಎಂದಿದ್ದಳು.

ಪತ್ರ ಓದಿ ದೊಡ್ಡಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಆ ಬಾಗಿಲು ಮತ್ತೆ ನಿಲ್ಲತ್ತೇನೆ?” ಎಂದು ದೊಡ್ಡಮ್ಮನನ್ನು ಕೇಳಿದರು. ಬದುಕಿನಲ್ಲಿ ಮತ್ತೇನನ್ನೂ ಅವರು ಅಷ್ಟು ಆಸೆಯಿಂದ ಕೇಳಿದ್ದನ್ನು ನಾನು ನೋಡಿಲ್ಲ. ದೊಡ್ಡಮ್ಮ ಎದ್ದು ಹೋಗಿ, ಅಟ್ಟದಿಂದ ಹಳೆಯ ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿ ಸೂಟ್‌ಕೇಸಿನ ತಳದಲ್ಲಿಟ್ಟಳು. ಏನದು ಎಂದರೆ, “ನಂದೊಂದು ರಿಪೇರಿ ಕೆಲ್ಸ ಇದೆ ಅಲ್ಲಿ” ಎಂದಳು.

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಒಂದು ವಾರ ರಜೆ ಹಾಕಿ ಇಬ್ಬರ ಚೀಲವನ್ನೂ ಹೊತ್ತುಕೊಂಡು ಹೊರಟೆ.

ಇಳಿದ ದಿನವೇ ದೊಡ್ಡಪ್ಪ ದಿಕ್ಕು ತಪ್ಪಿದರು. ಅವರು ಬಾಗಿಲು ಕೂರಿಸಿದ ಆಸ್ಪತ್ರೆಯ ಜಾಗದಲ್ಲಿ ಮೂವತ್ತು ಮಹಡಿಯ ಗಾಜಿನ ಕಟ್ಟಡ ನಿಂತಿತ್ತು. ಅದರ ಬಾಗಿಲು ಮುಟ್ಟುವ ಮೊದಲೇ ತಾನಾಗಿ ಸರಿಯಿತು. ದೊಡ್ಡಪ್ಪ ಒಳಗೆ ಹೋಗಲೇ ಇಲ್ಲ. “ಹಿಡಿ ಇಲ್ಲ, ಕೀಲಿಲ್ಲ, ಇದೆಂಥ ಬಾಗಿಲು” ಎಂದು ರಸ್ತೆಯಲ್ಲೇ ಸಿಡುಕಿದರು. ಆಲ್ಬಮ್ ಹಿಡಿದು ಮೂರು ದಿನ ಬೀದಿ ಬೀದಿ ಹುಡುಕಿದೆವು. ಇನ್ನೂರ ಹದಿನಾರರಲ್ಲಿ ಉಳಿದದ್ದು ಒಂಬತ್ತು. ಒಂದೊಂದು ಸಿಕ್ಕಾಗಲೂ ಕಳೆದುಹೋದ ತಮ್ಮನ್ನು ಕಂಡವರ ಹಾಗೆ ಕದದ ಮೇಲೆ ಅಂಗೈಯಿಟ್ಟು ನಿಲ್ಲುತ್ತಿದ್ದರು. ದೊಡ್ಡಮ್ಮ ಮಾತ್ರ ಆ ಊರಿನ ಭಾಷೆಯನ್ನು ನಿನ್ನೆ ಬಿಟ್ಟು ಇಂದು ಎತ್ತಿಕೊಂಡವಳಂತೆ ಸಲೀಸಾಗಿ ಮಾತಾಡಿದಳು. ಎರಡು ವರ್ಷ ಅಂಗಡಿ ಅಂಗಡಿ ತಿರುಗಿ ಕಲಿತದ್ದು. ದೊಡ್ಡಪ್ಪನಿಗೆ ಬರುತ್ತಿದ್ದದ್ದು ಮೊಳೆ, ಉಳಿ, ಕೀಲು, ಊಟ, ಇಷ್ಟೇ. ಅಂಚೆ ಕಚೇರಿಯ ಎದುರಿಗೆ ಮಾತ್ರ ಅವಳ ಮುಖ ಸಪ್ಪಗಾಯಿತು. ಅಲ್ಲಿದ್ದ ಒಂದು ಅಂಗಡಿಯ ಜಾಗದಲ್ಲಿ ನೆಲದಡಿಯ ರೈಲಿಗೆ ಇಳಿಯುವ ಮೆಟ್ಟಿಲುಗಳಿದ್ದವು.

ನಾಲ್ಕನೆಯ ದಿನ ಬೆಳಗ್ಗೆ ನಗರಸಭೆಯ ಕೋಣೆಗೆ ಹೋದೆವು. ಉದ್ದನೆಯ ಮೇಜಿನ ಸುತ್ತ ಆರೇಳು ಜನ. ನೆಲದ ಮೇಲೆ ಮರದ ಹಲಗೆಗಳ ಮೇಲಿಟ್ಟ, ಅಂಚೆ ಕಚೇರಿಯ ಹಳೆಯ ಹೊಸ್ತಿಲು ಕಲ್ಲು, ರೈಲಿನ ಹಾದಿಗಾಗಿ ಅಗೆಯುವಾಗ ಸಿಕ್ಕಿದ್ದು. ಅದರ ಎರಡು ತುದಿಯಲ್ಲಿ ಕದಗಳ ಕೀಲು ಕೂರುತ್ತಿದ್ದ ಗುಳಿಗಳು. ಗೋಡೆಯ ಮೇಲೆ, ಆಳೆತ್ತರಕ್ಕೆ ಹಿಗ್ಗಿಸಿದ ಫೋಟೋದಲ್ಲಿ, ಇಪ್ಪತ್ತೇಳು ವರ್ಷದ ದೊಡ್ಡಮ್ಮ ಗಲ್ಲ ಎತ್ತಿ ಎಲ್ಲರನ್ನೂ ನೋಡುತ್ತಿದ್ದಳು.

ಎಂಜಿನಿಯರ್ ಹುಡುಗಿಯ ಮುಖದಲ್ಲಿ ಕಳೆ ಇರಲಿಲ್ಲ. ಅವಳು ಹೇಳುತ್ತಾ ಹೋದಳು, ದೊಡ್ಡಮ್ಮ ನಮಗೆ ಕನ್ನಡದಲ್ಲಿ ಹೇಳುತ್ತಾ ಹೋದಳು.

“ಕಲ್ಲಿನ ಮೇಲೆ ಗುಳಿಯಿಂದ ಗುಳಿಗೆ ಆರಡಿ ಮೂರೂವರೆ ಅಂಗುಲ ಇದೆಯಂತೆ. ಫೋಟೋ ಪ್ರಕಾರ ಲೆಕ್ಕ ಹಾಕಿದ್ರೆ ಬರೀ ಆರಡಿ ಬರತ್ತಂತೆ. ಇದೇ ಬೀದೀಲಿ ಸುಂಕದ ಕಚೇರಿಗೂ ಇಂಥದ್ದೇ ಬಾಗಿಲಿತ್ತಂತೆ, ಸ್ವಲ್ಪ ಚಿಕ್ಕದು. ನಿಮ್ಮ ಫೋಟೋ ಅದರದ್ದಿರಬೇಕು ಅಂತಾರೆ ಕಣ್ರೀ.”

“ಇಲ್ಲ! ಇದು ಅಂಚೆ ಕಚೇರಿದೇ. ಒಳಗೆ ಹೋಗಿ ಕಾಗ್ದ ಹಾಕಿ ಬಂದು ತೆಗೆದಿದ್ದು” ಎಂದರು ದೊಡ್ಡಪ್ಪ.

“ಹೇಳ್ದೆ. ನೆನಪು ಸಾಲಲ್ಲ, ಅಳತೆ ಕೂಡಬೇಕು ಅಂತಾರೆ ಅಧ್ಯಕ್ಷರು. ಕೂಡ್ಲಿಲ್ಲ ಅಂದ್ರೆ ಗಾಜಿನ ಬಾಗಿಲು ಹಾಕಿಸ್ತಾರಂತೆ. ಇವತ್ತೇ ತೀರ್ಮಾನವಂತೆ.”

ಗಾಜು ಎಂಬ ಮಾತು ಕೇಳಿ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ನಾನು ಕಾಗದ ಎಳೆದುಕೊಂಡು ಲೆಕ್ಕ ಮಾಡಿದೆ, ಅಳಿಸಿ ಮತ್ತೆ ಮಾಡಿದೆ. ಬಂದದ್ದು ಆರಡಿಯೇ. ಹುಡುಗಿ ತಪ್ಪು ಹೇಳಿರಲಿಲ್ಲ. ಅವಳು ಫೋಟೋದಲ್ಲಿದ್ದ ಹೆಂಗಸಿನತ್ತ ಕೈ ತೋರಿಸಿ ಮತ್ತೇನನ್ನೋ ಕೇಳಿದಳು. ದೊಡ್ಡಮ್ಮ ಅದನ್ನು ನಮಗೆ ಹೇಳಲಿಲ್ಲ.

“ಏನಂತಾಳೆ?” ದೊಡ್ಡಪ್ಪ ಕೇಳಿದರು.

ದೊಡ್ಡಮ್ಮ ಸಿಕ್ಕಿಬಿದ್ದ ಕಳ್ಳಿಯಂತೆ ನೆಲ ನೋಡಿದಳು. “ಈ ಹೆಂಗಸು ಖಂಡಿತ ಐದಡೀನಾ ಅಂತ ಕೇಳ್ತಾಳೆ.”

“ಖಂಡಿತ! ನಾನೇ ಗೋಡೆಗೆ ನಿಲ್ಲಿಸಿ ಅಳೆದಿದ್ದೀನಿ. ಹೇಳು ಅವಳಿಗೆ. ಒಂದು ನೂಲೂ ಹೆಚ್ಚು ಕಮ್ಮಿ ಇಲ್ಲ.”

ದೊಡ್ಡಮ್ಮ ಕೈಚೀಲದಿಂದ ಟವೆಲಿನ ಗಂಟು ತೆಗೆದು ಆ ದೊಡ್ಡ ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗಿದ್ದದ್ದು ಒಂದು ಜೊತೆ ಕೆಂಪು ಚಪ್ಪಲಿ. ಹಿಮ್ಮಡಿಯಿಂದ ತುದಿಯವರೆಗೂ ಒಂದೇ ದಪ್ಪದ ಮರದ ಅಟ್ಟೆ. ಒಂದರ ಪಟ್ಟಿ ಕಿತ್ತಿತ್ತು.

“ಆವತ್ತು ಬೆಳಿಗ್ಗೆ ಎದುರಿನ ಅಂಗಡೀಲಿ ತಗೊಂಡಿದ್ದೆ” ಎಂದಳು. “ನೀವು ಒಳಗೆ ಕಾಗ್ದ ಹಾಕೋಕೆ ಹೋದಾಗ ಹಾಕ್ಕೊಂಡೆ. ಕೋಟು ಉದ್ದ ಇತ್ತಲ್ಲ, ಕಾಣ್ಲಿಲ್ಲ. ಆಮೇಲೆ ನಿಮ್ಮ ಅಳತೆ ಹಾಳು ಮಾಡ್ದೆ ಅಂತ ಭಯ ಆಯ್ತು. ಮತ್ತೆ ಫೋಟೋಗೆ ಹಾಕ್ಲೇ ಇಲ್ಲ.”

ನಮ್ಮ ಭಾಷೆ ಅರ್ಥವಾಗದಿದ್ದರೂ ಕೋಣೆಯಲ್ಲಿದ್ದವರೆಲ್ಲ ಚಪ್ಪಲಿಯತ್ತ ಬಾಗಿದರು.

“ಯಾಕೆ ಹಾಕ್ಕೊಂಡೆ?” ಎಂದು ದೊಡ್ಡಪ್ಪ ಮೆಲ್ಲಗೆ ಕೇಳಿದರು.

“ಎಷ್ಟು ದಿನಾಂತ ಕೋಲಾಗಿ ನಿಲ್ಲಲಿ? ಒಂದು ಫೋಟೋದಲ್ಲಾದ್ರೂ ನಾನೂ ಚೆನ್ನಾಗಿ ಕಾಣ್ಬೇಕು ಅನ್ನಿಸ್ತು. ನೀವು ನೋಡಿ ಏನಾದ್ರೂ ಅಂತೀರಿ ಅಂದ್ಕೊಂಡಿದ್ದೆ. ಮೂರಂಗುಲ ಎತ್ತರ ಆಗಿ ನಿಂತ್ರೂ ನಿಮಗೆ ಕಾಣ್ಲಿಲ್ಲ. ನೀವು ಬಾಗಿಲು ನೋಡ್ತಿದ್ರಿ.”

ಮೂರಂಗುಲ ಎಂಬ ಮಾತು ಕೇಳಿದ್ದೇ ನನಗೆ ಲೆಕ್ಕ ಹೊಳೆಯಿತು. ದೊಡ್ಡಪ್ಪನ ಜೇಬಿನಲ್ಲಿ ಸದಾ ಇರುವ ಟೇಪನ್ನು ಎಳೆದುಕೊಂಡು ಅಟ್ಟೆಗೆ ಹಿಡಿದೆ. ಮೂರಂಗುಲ. ಐದಡಿಯ ಜಾಗದಲ್ಲಿ ಐದಡಿ ಮೂರಂಗುಲ ಹಾಕಿ ಲೆಕ್ಕ ಮಾಡಿದೆ. ಬಾಗಿಲ ಅಗಲ ಆರಡಿ ಮೂರೂವರೆ ಅಂಗುಲಕ್ಕೆ ಬಂದು ನಿಂತಿತು, ಕೂದಲೆಳೆಯಷ್ಟು ಮಾತ್ರ ಹೆಚ್ಚು. ಕಾಗದವನ್ನು ಎಂಜಿನಿಯರ್ ಹುಡುಗಿಯ ಮುಂದೆ ತಳ್ಳಿದೆ. ಅಂಕಿಗಳಿಗೆ ಭಾಷೆ ಬೇಕಿಲ್ಲವಲ್ಲ. ಅವಳು ಕಾಗದ ನೋಡಿದಳು, ಚಪ್ಪಲಿ ನೋಡಿದಳು, ಕಲ್ಲು ನೋಡಿದಳು. ಆಮೇಲೆ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ಬಂದು ದೊಡ್ಡಮ್ಮನನ್ನು ಬಿಗಿಯಾಗಿ ಅಪ್ಪಿಕೊಂಡಳು. ಅಧ್ಯಕ್ಷರು ಮೇಜು ಗುದ್ದಿ ಏನೋ ಕೂಗಿದರು.

“ಮರದ ಬಾಗಿಲೇ ಅಂತೆ ಕಣ್ರೀ” ಎಂದಳು ದೊಡ್ಡಮ್ಮ, ಅಪ್ಪುಗೆಯ ಒಳಗಿನಿಂದಲೇ.

ಒಂದು ವಾರವೆಂದು ಬಂದವರು ಐದು ವಾರ ಉಳಿದೆವು. ನನ್ನ ಹೆಡ್‌ಮಾಸ್ಟರಿಗೆ ನಾನು ಬರೆದ ರಜಾ ಅರ್ಜಿಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ದೊಡ್ಡಪ್ಪ ಅಲ್ಲಿಯ ನಾಲ್ವರು ಬಡಗಿಗಳ ಜೊತೆ ಶೆಡ್ಡಿನಲ್ಲಿ ಕುಳಿತು, ಎಪ್ಪತ್ತರ ವಯಸ್ಸಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ಉಳಿ ಹಿಡಿದರು. ಮೊಳೆ, ಉಳಿ, ಕೀಲು, ಊಟ, ಈ ನಾಲ್ಕು ಮಾತಿನಲ್ಲೇ ಅವರ ಜೊತೆ ಜಗಳವನ್ನೂ ಆಡಿದರು, ಗೆದ್ದರು ಕೂಡ. ಮೊದಲ ಸಂಜೆಯೇ ಕೆಂಪು ಚಪ್ಪಲಿಯ ಕಿತ್ತ ಪಟ್ಟಿಯನ್ನು ತಾವೇ ಹೊಸ ಚರ್ಮ ಹಾಕಿ ಸಣ್ಣ ಮೊಳೆ ಹೊಡೆದು ಕೂರಿಸಿದರು. ಅಟ್ಟೆಯನ್ನು ತಿರುಗಿಸಿ ನೋಡಿ, “ಒಳ್ಳೆ ಮರ. ಆರಿಸೋಕೆ ಬರತ್ತೆ ನಿಂಗೆ” ಎಂದರು. ದೊಡ್ಡಮ್ಮ, “ನಿಮ್ಮನ್ನ ಆರಿಸಿದ್ದು ನಮ್ಮಪ್ಪ” ಎಂದಳು.

ಕದಗಳನ್ನು ಕೀಲಿಗೆ ಕೂರಿಸಿದ ದಿನ ಬೀದಿಯ ತುಂಬ ಜನ. ಹೊಸ ಮರದ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಫೋಟೋದಲ್ಲಿದ್ದ ಹಾಗೆಯೇ ಒಮ್ಮೆ ನಿಲ್ಲಬೇಕೆಂದು ಎಂಜಿನಿಯರ್ ಹುಡುಗಿ ದೊಡ್ಡಮ್ಮನನ್ನು ಬೇಡಿಕೊಂಡಳು. ದೊಡ್ಡಮ್ಮ ಕೆಂಪು ಚಪ್ಪಲಿ ಮೆಟ್ಟಿ, ಬಾಗಿಲವಾಡಕ್ಕೆ ಹಿಮ್ಮಡಿ ತಾಗಿಸಿ, ಗಲ್ಲ ಎತ್ತಿ ನಿಂತಳು. ದೊಡ್ಡಪ್ಪ ಹನ್ನೆರಡು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾ ಎತ್ತಿದರು, ಹಾಗೆಯೇ ಕೆಳಗಿಳಿಸಿದರು.

ಅವಳ ನೆತ್ತಿ ಹಿತ್ತಾಳೆ ಬಳೆಯ ಮಟ್ಟಕ್ಕೆ ಬರುತ್ತಿರಲಿಲ್ಲ. ಎರಡಂಗುಲ ಕೆಳಗಿತ್ತು.

ಎಂಜಿನಿಯರ್ ಹುಡುಗಿಯ ನಗು ಮಾಯವಾಯಿತು. ಬಡಗಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಪ್ಪ ಓಡಿಬಂದು ಟೇಪು ಬಿಚ್ಚಿ ನೆಲದಿಂದ ಬಳೆಯ ಕೆಳ ಅಂಚಿನವರೆಗೆ ಅಳೆದರು. ಐದಡಿ ಮೂರಂಗುಲ, ಸರಿಯಾಗಿಯೇ ಇತ್ತು. ಮತ್ತೆ ಅಳೆದರು. ದೊಡ್ಡಮ್ಮ ಅವರನ್ನೇ ನೋಡುತ್ತಿದ್ದವಳು ಒಮ್ಮೆಲೇ ಜೋರಾಗಿ ನಕ್ಕಳು, ಆಲ್ಬಮ್ಮಿನ ಎದುರು ನಗುತ್ತಿದ್ದ ನಗು ಅಲ್ಲ ಅದು.

“ಬಾಗಿಲು ಸರಿಯಾಗೇ ಇದೆ ಕಣ್ರೀ. ಕಮ್ಮಿ ಆಗಿರೋಳು ನಾನು. ಅರವತ್ತೈದಾಯ್ತು ನಂಗೆ, ಇನ್ನೂ ಐದಡೀನೇ ಇರ್ತೀನಾ?”

ಅದನ್ನೇ ಆ ಊರಿನ ಭಾಷೆಯಲ್ಲೂ ಕೂಗಿ ಹೇಳಿದಳು. ಬೀದಿಗೆ ಬೀದಿಯೇ ನಕ್ಕಿತು, ಚಪ್ಪಾಳೆ ಹೊಡೆಯಿತು. ದೊಡ್ಡಪ್ಪ ಮಾತ್ರ ನಗಲಿಲ್ಲ. ಟೇಪು ಜೇಬಿಗಿಟ್ಟು ಅವಳ ಮುಂದೆ ನಿಂತು, ನೆತ್ತಿಯಿಂದ ಕಾಲಿನವರೆಗೆ, ಕೆಂಪು ಚಪ್ಪಲಿಯವರೆಗೆ ಅವಳನ್ನು ನೋಡಿದರು. ನೋಡುತ್ತಲೇ ಇದ್ದರು. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಆಮೇಲೆ ಕ್ಯಾಮೆರಾ ಎತ್ತಿದರು. ಹನ್ನೆರಡು ಹೆಜ್ಜೆ ಹಿಂದೆ ಹೋಗಲಿಲ್ಲ, ಎರಡೇ ಹೆಜ್ಜೆ.

“ಏನ್ರೀ, ಇಷ್ಟು ಹತ್ರ ನಿಂತ್ರೆ ಬಾಗಿಲು ಬರಲ್ಲ!”

“ಬರೋದು ಬೇಡ” ಎಂದರು ದೊಡ್ಡಪ್ಪ.

ಆ ಫೋಟೋ ಈಗ ಆಲ್ಬಮ್ಮಿನ ಮೊದಲ ಪುಟದಲ್ಲಿದೆ. ಮೂಲೆಯಲ್ಲಿ ಎಂದಿನಂತೆ ಹೆಬ್ಬೆರಳು, ಉಳಿದದ್ದೆಲ್ಲ ದೊಡ್ಡಮ್ಮನ ನಗು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವಳ ಹೆಸರು ಬರೆದಿದ್ದಾರೆ. ಅಳತೆ ಬರೆದಿಲ್ಲ.