ಸುಮ್ಮನಿರದ ನ್ಯಾಯಮೂರ್ತಿಗಳು

ನಮ್ಮ ಹಿರಿಯ ನ್ಯಾಯಮೂರ್ತಿಗಳಿಗೆ ಸುಮ್ಮನಿರುವುದೆಂದರೆ ಆಗದ ಮಾತು, ಮೂವರ ಪೀಠದ ನಡುವಿನ ಕುರ್ಚಿಯಲ್ಲೂ ಕನ್ನಡಕ ತೆಗೆಯುತ್ತಾರೆ, ಒರೆಸುತ್ತಾರೆ, ಹಾಕಿಕೊಂಡು ಮತ್ತೆ ತೆಗೆಯುತ್ತಾರೆ, ವಕೀಲರು ಉಸಿರೆಳೆದುಕೊಳ್ಳುವಷ್ಟರಲ್ಲಿ "ಆಯ್ತು, ಮುಂದೆ?" ಎನ್ನುತ್ತಾರೆ. "ದೇವರೇ ಬಂದು ವರ ಕೊಟ್ರೂ ಇವರು 'ಮುಂದೆ?' ಅಂತಾರೆ ಕಣೇ," ಎಂದು ಅವರ ಹೆಂಡತಿ ಮಗಳ ಮುಂದೆ ಆಡಿಕೊಳ್ಳುವುದುಂಟು. ಸೇನಾ ನ್ಯಾಯಾಲಯದ ತೀರ್ಪಿನ ಮೇಲೆ ಮೇಲ್ಮನವಿ ಬಂದ ದಿನವಂತೂ ಮೈಮೇಲೆ ಇರುವೆ ಬಿಟ್ಟಂತೆ ಆಡುತ್ತಾರೆ, ಸರ್ಕಾರಿ ವಕೀಲರು "ಅದು ಸೇನೆಯ ಒಳಗಿನ ವಿಷಯ, ಮಹಾಸ್ವಾಮಿ," ಎಂದರೆ ಸಾಕು, "ಒಳಗಿರೋನೂ ಪ್ರಜೇನೇ ಅಲ್ವೇನ್ರೀ?" ಎಂದು ಸಿಡುಕುತ್ತಾರೆ. ಮೊನ್ನೆ, ಜನರ ಗುಂಪಿನ ಮೇಲೆ ಗುಂಡು ಹಾರಿಸಲು ಒಪ್ಪದೆ ಮರಣದಂಡನೆಗೆ ಗುರಿಯಾಗಿದ್ದ ಸಿಪಾಯಿಯನ್ನು ಕರೆತಂದರು. ಪೀಠದ ಉಳಿದಿಬ್ಬರು ತಮ್ಮ ಕಡೆ ಬರುತ್ತಾರೋ ಇಲ್ಲವೋ ಎಂಬ ಚಡಪಡಿಕೆ ಇವರಿಗೆ. "ಸೇನಾ ನ್ಯಾಯಾಲಯದಲ್ಲಿ ಏನು ಹೇಳಿದೆಯಪ್ಪಾ?" ಎಂದು ಕೇಳಿದರು. "ಯಾರೂ ಕೇಳ್ಲಿಲ್ಲ ಸಾರ್," ಎಂದ ಸಿಪಾಯಿ. "ಈಗ ಹೇಳು. ಕೂತ್ಕೊಂಡು ಹೇಳು." ಅವನು ಕೂರಲಿಲ್ಲ, ಅಧಿಕಾರಿಗಳೆದುರು ಕೂತು ಗೊತ್ತಿಲ್ಲದ ಜೀವ, ಸೆಟೆದು ನಿಂತೇ ಇದ್ದ. ಆಗ ನ್ಯಾಯಮೂರ್ತಿಗಳೇ ಎದ್ದು ನಿಂತರು. ಅವರೆದ್ದರೆಂದು ಪಕ್ಕದ ಇಬ್ಬರೂ ಎದ್ದರು, ವಕೀಲರೆದ್ದರು, ಎದೆತುಂಬ ಪದಕ ತೊಟ್ಟ ಸೇನಾಧಿಕಾರಿಗಳೂ ಎದ್ದರು. "ನೀನು ಕೂತ ಮೇಲೆ ನಾವೆಲ್ಲ ಕೂರ್ತೀವಿ," ಎಂದರು ನ್ಯಾಯಮೂರ್ತಿಗಳು. ಸಿಪಾಯಿ ಅತ್ತಿತ್ತ ನೋಡಿ, ಬೆಂಚಿನ ಅಂಚಿಗೆ ಮೆಲ್ಲನೆ ಕೂತ. ಶಿಕ್ಷೆ ರದ್ದಾದದ್ದು ಮುಂದಿನ ವಾರ. ಆದರೆ ಹಿಂದಿನ ಸಾಲಿನಲ್ಲಿದ್ದ ಅವನ ತಾಯಿಯ ಅಳುವಿನ ಕಟ್ಟೆ ಒಡೆದದ್ದು ಮಗ ಕೂತ ಆ ಗಳಿಗೆಯಲ್ಲೇ.