ಮೂಲೆ ಚೌಕದೊಳಗಿನ ಕೈಗಳು

ಕನ್ನಡಕದಂಗಡಿಯ ಹಿಂಬದಿಯ ಪುಟ್ಟ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಮುಂದೆ ಇಪ್ಪತ್ತೊಂಬತ್ತು ವರ್ಷ ಕೂತ ಆ ಮನುಷ್ಯನನ್ನು ಅಂಗಡಿಯವರೆಲ್ಲ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವನಿಗೇನೂ ಬೇಜಾರಿರಲಿಲ್ಲ. ಉಜ್ಜಿ ಮುಗಿಸಿದ ಗಾಜನ್ನು ಬೆಳಕಿಗೆ ಹಿಡಿದು ನಾಲ್ಕು ಸಲ ನೋಡದೆ ಕೈಬಿಡುವ ಜಾಯಮಾನ ಅವನದಲ್ಲ. ಮನೆಯಲ್ಲೂ ಅದೇ ಗುಣ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಮಹಡಿ ಇಳಿದವನು ಮತ್ತೆ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದ. ಹೆಂಡತಿ ಬಾಗಿಲಲ್ಲೇ ನಿಂತು, "ನಾನು ಮನೇಲೇ ಇದ್ದೀನಲ್ರೀ. ಸ್ಟವ್ ಎದ್ದು ಓಡಿಹೋದ್ರೆ ಹಿಡ್ಕೊಂಡು ಕೂರಿಸ್ತೀನಿ, ನೀವು ಹೋಗಿ" ಎನ್ನುತ್ತಿದ್ದಳು.

ಆ ಹೆಂಡತಿಯನ್ನು ಊರೆಲ್ಲ ನೋಡಿತ್ತು, ಗುರುತಿಸಿದವರು ಮಾತ್ರ ಕಡಿಮೆ. ಸಂಜೆ ಐದರ ಟಿವಿ ವಾರ್ತೆಯಲ್ಲಿ ಪರದೆಯ ಬಲಗಡೆ ಕೆಳಮೂಲೆಯ ಚೌಕದೊಳಗೆ ನಿಂತು, ಕಿವಿ ಕೇಳಿಸದವರಿಗಾಗಿ ಸುದ್ದಿಯನ್ನು ಕೈಯಲ್ಲಿ ಹೇಳುತ್ತಿದ್ದವಳು ಅವಳೇ. ಅವರ ಒಬ್ಬಳೇ ಮಗಳಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಮಗಳ ಜೊತೆ ಮಾತಾಡಬೇಕಲ್ಲ ಎಂದು ಕಲಿತ ಸನ್ನೆ ಭಾಷೆ ತಾಯಿಗೆ ಹನ್ನೊಂದು ವರ್ಷ ಕೆಲಸ ಕೊಟ್ಟಿತು. ಟಿವಿ ಚಿತ್ರ ಹೈ ಡೆಫಿನಿಷನ್ನಿಗೆ ಬದಲಾದಾಗ, ರೆಕಾರ್ಡ್ ಮಾಡಿಕೊಳ್ಳುವ ಸೆಟ್‌ಟಾಪ್ ಬಾಕ್ಸ್ ಒಂದನ್ನು ಗಂಡ ತಂದಿಟ್ಟ. ಅಂದಿನಿಂದ ಅವಳ ವಾರ್ತೆಗಳನ್ನು ಒಂದೊಂದಾಗಿ ಕೂಡಿಸಿಡತೊಡಗಿದ. "ದಿನಾ ಮನೇಲಿ ನೋಡೋದು ಸಾಲ್ದು ಅಂತ ಪೆಟ್ಟಿಗೇಲೂ ಇಟ್ಕೋತೀರಾ?" ಎಂದು ಅವಳು ನಗುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳಿಗೆ ಸ್ಟ್ರೋಕ್ ಆಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು. ಬಲಗೈ ಮಾತ್ರ ಹಿಡಿದದ್ದನ್ನು ಕೆಳಗೆ ಬೀಳಿಸುವಷ್ಟಕ್ಕೇ ನಿಂತಿತು. ಚೌಕದೊಳಗೆ ಬೇರೊಬ್ಬಳು ಬಂದು ನಿಂತಳು. ಆಮೇಲೆ ಆ ಮನೆಯಲ್ಲಿ ಐದು ಗಂಟೆಗೆ ಟಿವಿ ಹಾಕುವುದೇ ನಿಂತುಹೋಯಿತು. ಮಗಳ ಜೊತೆಗೂ ಅವಳು ಕೈಯಲ್ಲಿ ಮಾತಾಡುವುದನ್ನು ಬಿಟ್ಟಳು. ಎಡಗೈಯಲ್ಲಿ ಹೇಳಮ್ಮಾ, ನನಗೆ ಅರ್ಥವಾಗುತ್ತೆ ಎಂದು ಮಗಳು ಎಷ್ಟು ಗೋಗರೆದರೂ ಇಲ್ಲ. ಚೀಟಿಯಲ್ಲಿ ವಕ್ರವಕ್ರವಾಗಿ ಬರೆದು ಕೊಡುತ್ತಿದ್ದಳು, ಇಲ್ಲವೇ ನಿಧಾನಕ್ಕೆ ತುಟಿ ಆಡಿಸುತ್ತಿದ್ದಳು.

ಮಗಳು ಊರಾಚೆಯ ಕಿವುಡು ಮಕ್ಕಳ ಶಾಲೆಯಲ್ಲಿ ಟೀಚರ್. ಅಲ್ಲೇ ಒಂದು ರೂಮು ಹಿಡಿದಿದ್ದಳು, ವಾರದ ಕೊನೆಗೆ ಮನೆಗೆ ಬರುತ್ತಿದ್ದಳು. ಅವಳ ಕ್ಲಾಸಿನ ಮಕ್ಕಳಿಗೆ ಮನೆಮಾತಿನ ಸನ್ನೆಗಳೆಲ್ಲ ಬರುತ್ತಿದ್ದವು. ತೀರ್ಪು, ವಿಮೆ, ಸಾಂಕ್ರಾಮಿಕ, ಬೆಲೆಯೇರಿಕೆ ಇಂಥ ಪೇಪರಿನ ಮಾತುಗಳು ಬಂದರೆ ಮಾತ್ರ ಕಣ್ಣುಕಣ್ಣು ಬಿಡುತ್ತಿದ್ದವು. ಅಮ್ಮನ ವಾರ್ತೆಗಳನ್ನು ಡಿಸ್ಕಿಗೆ ಹಾಕಿಕೊಡಪ್ಪಾ, ಕ್ಲಾಸಿನಲ್ಲಿರುವುದು ಹಳೇ ಟಿವಿ ಮತ್ತು ಡಿಸ್ಕ್ ಪ್ಲೇಯರ್ ಅಷ್ಟೇ ಎಂದು ಅವಳು ಕೇಳಿ ಆರು ತಿಂಗಳಾಗಿತ್ತು. ಅಪ್ಪ ಮಾಡೋಣ ಮಾಡೋಣ ಎನ್ನುತ್ತಲೇ ಇದ್ದ. ಹೆಂಡತಿಯ ಎದುರು ಆ ಚಿತ್ರಗಳನ್ನು ಓಡಿಸಲು ಅವನಿಗೆ ಧೈರ್ಯವಿರಲಿಲ್ಲ.

ಒಂದು ಶುಕ್ರವಾರ ಬೆಳಗ್ಗೆ ಬಾಕ್ಸಿನೊಳಗಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಅವನು ಅಂಗಡಿಗೆ ರಜೆ ಹೇಳಿ ರಿಪೇರಿಯವನನ್ನು ಕರೆಸಿದ. ಆತ ಬಾಕ್ಸಿಗೆ ಕಿವಿಯಿಟ್ಟು ಕೇಳಿ ತಲೆಯಾಡಿಸಿದ.

"ಯಜಮಾನ್ರೇ, ಒಳಗಿನ ಹಾರ್ಡ್‌ಡಿಸ್ಕ್ ಹೋಗ್ತಾ ಇದೆ. ಇವತ್ತೋ ನಾಳೆಯೋ ಹೇಳಕ್ಕಾಗಲ್ಲ."

"ಅದನ್ನ ಬಿಚ್ಚಿ ಕಂಪ್ಯೂಟರಿಗೆ ಹಾಕಿದ್ರೆ?"

"ಏನೂ ಕಾಣ್ಸಲ್ಲ. ಈ ಬಾಕ್ಸಲ್ಲಿ ರೆಕಾರ್ಡ್ ಆಗಿದ್ದು ಈ ಬಾಕ್ಸಲ್ಲೇ ಓಡ್ಬೇಕು, ಹಾಗೆ ಬೀಗ ಹಾಕಿರ್ತಾರೆ. ಓಡಿಸ್ತಾ ಓಡಿಸ್ತಾ ಹಿಂದಿನ ವೈರಿಂದ ಕಂಪ್ಯೂಟರಿಗೆ ಇಳಿಸ್ಕೊಳ್ಳಿ. ಕಾಲು ಗಂಟೆದು ಇಳಿಸೋಕೆ ಕಾಲು ಗಂಟೇನೇ ಹಿಡಿಯುತ್ತೆ. ಬಿಸಿಯಾದ್ರೆ ಸ್ವಲ್ಪ ಬಿಡುವು ಕೊಡಿ, ರಾತ್ರಿಯೆಲ್ಲ ಸುಮ್ನೆ ಬಿಟ್ಬಿಡಿ. ಆದ್ರೆ ಆಫ್ ಮಾತ್ರ ಮಾಡ್ಬೇಡಿ. ಆಫ್ ಆದ್ರೆ ಮತ್ತೆ ಏಳುತ್ತೆ ಅನ್ನೋ ಭರವಸೆ ನಾನು ಕೊಡಲ್ಲ."

ಆತನನ್ನು ಕಳಿಸಲು ಕೆಳಗಿಳಿದರೆ ಮೆಟ್ಟಿಲ ಬುಡದ ಗೋಡೆಗೆ ಹೊಸ ನೋಟೀಸು ಅಂಟಿತ್ತು. ಗುರುವಾರ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕರೆಂಟ್ ಇರುವುದಿಲ್ಲ, ಲೈನಿನ ಕೆಲಸ. ಅವನು ಅದನ್ನು ಮೂರು ಸಲ ಓದಿದ. ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕತೊಡಗಿದ. ಅಂಗಡಿಯ ಕಂಪ್ಯೂಟರಿನ ಬ್ಯಾಟರಿ ತರಬಹುದು ಎನಿಸಿತು. ಆದರೆ ಅದು ತಡೆಯುವುದು ಇಪ್ಪತ್ತು ನಿಮಿಷ, ಕರೆಂಟ್ ಹೋಗುವುದು ಆರು ಗಂಟೆ. ಬಾಕ್ಸಿನಲ್ಲಿದ್ದದ್ದು ಇನ್ನೂರ ಹನ್ನೆರಡು ವಾರ್ತೆ, ಒಂದೊಂದೂ ಕಾಲು ಗಂಟೆ. ಹಗಲೆಲ್ಲ ಬಿಡುವೇ ಕೊಡದಿದ್ದರೆ ಐದು ದಿನದಲ್ಲಿ ಹೇಗೋ ಮುಗಿದೀತು. ಬಿಡುವು ಕೊಡದಿದ್ದರೆ ಬಾಕ್ಸೇ ಮುಗಿದೀತು.

ಹೆಂಡತಿಗೆ, "ಬಾಕ್ಸ್ ಸ್ವಲ್ಪ ಕೆಟ್ಟಿದೆ, ಸರಿ ಮಾಡ್ತಿದ್ದೀನಿ" ಎಂದಷ್ಟೇ ಹೇಳಿದ. ಅವಳು ಅವನ ಮುಖ ನೋಡಿದಳು, ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಶನಿವಾರ ಎಂಟಕ್ಕೆಲ್ಲ ಕೂತ. ಕೆಂಪು, ಹಸಿರು, ನೀಲಿ ತುದಿಯ ವೈರುಗಳನ್ನು ಬಾಕ್ಸಿನ ಹಿಂದೆ ಚುಚ್ಚಿ, ನಡುವೆ ಚಿತ್ರವನ್ನು ಕಂಪ್ಯೂಟರಿಗೆ ದಾಟಿಸುವ ಅಂಗೈಯಗಲದ ಒಂದು ಡಬ್ಬಿ ಇಟ್ಟು ಕಂಪ್ಯೂಟರಿಗೆ ಸೇರಿಸಿದ. ಚಿತ್ರ ಬಂತು, ಸದ್ದು ಬರಲಿಲ್ಲ. ಕಿತ್ತ, ಚುಚ್ಚಿದ, ವೈರು ಅದಲುಬದಲು ಮಾಡಿದ, ಬೆವರು ಒರೆಸಿಕೊಂಡ. ಒಂದು ಗಂಟೆ ಹೀಗೇ ಹೋಯಿತು. ಕೊನೆಗೆ ಕೈಚೆಲ್ಲಿ ಮಗಳಿಗೆ ಮೆಸೇಜು ಹಾಕಿದ. ಏನು ಮಾಡಿದರೂ ಸದ್ದು ಬರ್ತಿಲ್ಲ, ನನ್ನ ಕೈಲಿ ಆಗಲ್ಲ ಅನಿಸ್ತಿದೆ ಎಂದು. ತಕ್ಷಣ ಉತ್ತರ ಬಂತು: "ಯಾರಿಗಪ್ಪಾ ಸದ್ದು?"

ಅವನು ಹಣೆ ಚಚ್ಚಿಕೊಂಡ. ಅವತ್ತು ನಕ್ಕದ್ದು ಅದೊಂದೇ ಸಲ.

ಕಂಪ್ಯೂಟರ್ ಹಳೆಯದು, ಒಳಗೆ ಜಾಗ ಕಡಿಮೆ. ಇಳಿಸಿಕೊಳ್ಳುವಾಗಲೇ ಡಿಸ್ಕಿನ ಅಳತೆಗೆ ಕುಗ್ಗಿಸಲೇ ಎಂದು ಅದು ಕೇಳಿತು. ಜಾಗವೂ ಉಳಿಯುತ್ತೆ, ಹೊತ್ತೂ ಉಳಿಯುತ್ತೆ ಎಂದು ಹೂಂ ಒತ್ತಿದ. ಸಂಜೆ ನಾಲ್ಕಕ್ಕೆ ಮಗಳು ಬರುವ ಹೊತ್ತಿಗೆ ಇಪ್ಪತ್ತು ವಾರ್ತೆ ಇಳಿದಿದ್ದವು. ನಾಲ್ಕನ್ನು ಒಂದು ಡಿಸ್ಕಿಗೆ ಬರೆದೂ ಆಗಿತ್ತು.

ಮಗಳು ಡಿಸ್ಕ್ ಹಾಕಿ ನೋಡಿದಳು. ಟಿವಿಗೆ ಹತ್ತಿರ ಸರಿದಳು. ಇನ್ನೂ ಹತ್ತಿರ ಸರಿದು ಚೌಕದ ಮೇಲೆ ಬೆರಳಿಟ್ಟು ತಿರುಗಿದಳು. "ಬೆರಳು ಎಲ್ಲಪ್ಪಾ?" ಎಂದಳು ಕೈಯಲ್ಲಿ.

ಅವನು ಬಗ್ಗಿ ನೋಡಿದ. ಇಡೀ ಪರದೆ ಕುಗ್ಗಿದ್ದರಿಂದ ಮೂಲೆಯ ಚೌಕ ಅಂಚೆಚೀಟಿಯಷ್ಟಾಗಿತ್ತು. ಅದರೊಳಗೆ ಹೆಂಡತಿಯ ಬೆರಳುಗಳು ಕರಗಿದ ಮೇಣದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಕೈ ಜೋರಾಗಿ ಆಡಿದ ಕಡೆಯಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆಗಳು.

"ಈ ಭಾಷೇಲಿ ಒಂದು ಬೆರಳು ಮಡಿಸಿದ್ರೆ ಒಂದು ಮಾತು, ಬಿಡಿಸಿದ್ರೆ ಇನ್ನೊಂದು" ಎಂದಳು ಮಗಳು. "ಇದನ್ನ ನೋಡಿ ಮಕ್ಕಳು ಏನು ಕಲಿತಾರೆ?"

ಒಂದಿಡೀ ದಿನ ನೀರಿನಲ್ಲಿ ಹೋಮವಾಗಿತ್ತು. ಅಷ್ಟು ಹೊತ್ತು ಬಾಕ್ಸನ್ನು ದಣಿಸಿದ್ದೂ ಆಯಿತಲ್ಲ ಎಂದು ನೆನೆದು ಅವನು ಅದಕ್ಕೆ ಕಿವಿಯಿಟ್ಟ. ಟಿಕ್ ಟಿಕ್ ಸದ್ದು ಬೆಳಗಿಗಿಂತ ಜೋರಾಗಿದೆ ಎಂದೂ ಅನ್ನಿಸಿತು. ಜೋರಾಗಿದೆಯಾ ಎಂದು ಕೇಳೋಣವೆಂದರೆ ಪಕ್ಕದಲ್ಲಿದ್ದವಳು ಮಗಳು.

ಭಾನುವಾರ ಮುಖ ತೊಳೆಯುವಾಗ ಅವನಿಗೆ ಹೊಳೆಯಿತು. ಕನ್ನಡಕದ ಚೌಕಟ್ಟು ಸಣ್ಣದಿದ್ದರೆ ನಾವೇನು ಗಾಜನ್ನು ಕುಗ್ಗಿಸುತ್ತೇವೆಯೇ? ಬೇಕಾದಷ್ಟು ಭಾಗ ಇಟ್ಟುಕೊಂಡು ಸುತ್ತಲಿನದನ್ನು ಉಜ್ಜಿ ಹಾಕುತ್ತೇವೆ. ಒದ್ದೆ ಮುಖದಲ್ಲೇ ಬಂದು ಸ್ಕೇಲು ಹಿಡಿದು ಪರದೆ ಅಳೆದ. ದೊಡ್ಡ ಚಿತ್ರದಲ್ಲಿ ಮೂಲೆಯ ಚೌಕವೊಂದೇ ಹೆಚ್ಚೂಕಮ್ಮಿ ಡಿಸ್ಕಿನ ಚಿತ್ರದಷ್ಟಿತ್ತು! ಮೊದಲು ಪೂರ್ತಿ ಗಾತ್ರದಲ್ಲೇ ಇಳಿಸಿಕೊಳ್ಳುವುದು, ಆಮೇಲೆ ನಿಧಾನವಾಗಿ ಚೌಕವನ್ನಷ್ಟೇ ಕತ್ತರಿಸಿ ಡಿಸ್ಕಿಗೆ ಹಾಕುವುದು. ವಾರ್ತೆ ಓದುವವನು ಹೋಗಲಿ, ಕೈ ಉಳಿಯಲಿ. ಜಾಗಕ್ಕೆ ಮಗಳು ಶಾಲೆಯ ಹಾರ್ಡ್‌ಡಿಸ್ಕ್ ತಂದುಕೊಟ್ಟಳು. ಬಾಚಣಿಗೆ ಗೆರೆಗಳ ಮದ್ದನ್ನೂ ಅವಳೇ ಹುಡುಕಿದಳು. ಟಿವಿಯವರು ಒಂದೊಂದು ಚಿತ್ರವನ್ನೂ ಗೆರೆ ಬಿಟ್ಟು ಗೆರೆ ಎರಡು ಕಂತಿನಲ್ಲಿ ಕಳಿಸುತ್ತಾರಂತೆ, ಆ ಎರಡನ್ನು ಹೊಂದಿಸುವ ಒಂದು ಸೆಟ್ಟಿಂಗು ಇತ್ತಂತೆ.

ಮೊದಲ ವಾರ್ತೆ ಪೂರ್ತಿ ಗಾತ್ರದಲ್ಲಿ ಇಳಿದು ಮುಗಿಯಿತು. ಪ್ರಯೋಗಕ್ಕೆಂದು ಚೌಕವನ್ನು ಕತ್ತರಿಸಿ ಟಿವಿ ತುಂಬ ಹಾಕಿದರು. ಮಗಳು ಚಪ್ಪಾಳೆ ತಟ್ಟಿದಳು. ಉಂಗುರ ಬೆರಳಿನ ಗಾಯದ ಕಲೆ ಕೂಡ ಕಾಣುತ್ತಿತ್ತು.

"ಯಾಕ್ರೀ ಇದೆಲ್ಲ?"

ಅವನು ಬೆಚ್ಚಿ ತಿರುಗಿದ. ಹೆಂಡತಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಟಿವಿಯಲ್ಲಿ ಅವಳ ಎರಡೂ ಕೈ ಹಕ್ಕಿಯಂತೆ ಆಡುತ್ತಿದ್ದವು.

"ಸತ್ತೋರ ಫೋಟೋಗೆ ಕಟ್ಟು ಹಾಕಿಸೋ ಹಾಗೆ ನನ್ನನ್ನ ಡಿಸ್ಕಿಗೆ ತುಂಬ್ತಾ ಇದ್ದೀರಾ? ನಾನಿನ್ನೂ ಇಲ್ಲೇ ಇದ್ದೀನಿ ಕಣ್ರೀ."

ಅವನು ಎದ್ದು ನಿಂತ. ಬಾಕ್ಸ್ ಹೋಗ್ತಿದೆ, ಗುರುವಾರ ಕರೆಂಟ್ ಇಲ್ಲ ಎಂದು ಏನೇನೋ ತೊದಲಿದ. ಮಗಳು ಎದ್ದು ಅಮ್ಮನ ಮುಂದೆ ನಿಂತು ಕೈಯಲ್ಲಿ ಹೇಳಿದಳು: "ನಿನಗೋಸ್ಕರ ಅಲ್ಲಮ್ಮಾ, ನೆನಪಿಗೂ ಅಲ್ಲ. ನನ್ನ ಮಕ್ಕಳಿಗೆ ಮಾತು ಬೇಕು. ಕಲಿಸೋರು ಇಲ್ಲ. ನೀನು ಕಲಿಸ್ತೀನಿ ಅಂದ್ರೆ ಈಗಲೇ ಇದನ್ನೆಲ್ಲ ನಿಲ್ಲಿಸಿಬಿಡ್ತೀನಿ."

ತಾಯಿ ಒಳಗೆ ಹೋದಳು. ಬಾಗಿಲು ಮತ್ತೆ ಮುಚ್ಚಿತು. ಅವನಿಗೆ ಈಗ ಎರಡು ದಿಗಿಲು. ಆಚೆ ಕೋಣೆಯಲ್ಲಿ ಸದ್ದಿಲ್ಲ, ಈಚೆ ಕೋಣೆಯಲ್ಲಿ ಟಿಕ್ ಟಿಕ್. ಯಾವುದಕ್ಕೆ ಕಿವಿಗೊಡುವುದು?

ಸೋಮವಾರ ಬಾಕ್ಸ್ ಹಟ ಹಿಡಿಯಿತು. ಮೂರರಲ್ಲಿ ಒಂದು ವಾರ್ತೆ ನಡುವೆ ನಿಂತುಬಿಡುತ್ತಿತ್ತು. ಟೇಬಲ್ ಫ್ಯಾನನ್ನು ಅದರ ಮುಂದೆ ತಿರುಗಿಸಿಟ್ಟು, ಮುಟ್ಟಿ ಮುಟ್ಟಿ ಬಿಸಿ ನೋಡುತ್ತಾ ಕೂತ, ಜ್ವರದ ಮಗುವಿನ ಹಣೆ ನೋಡುವವನ ಹಾಗೆ. ಎಲ್ಲವೂ ಸಿಗುವುದಿಲ್ಲ ಎಂಬುದು ಖಾತ್ರಿಯಾಯಿತು. ಹಾಗಾದರೆ ಯಾವುದನ್ನು ಆರಿಸುವುದು? ಪಟ್ಟಿಯಲ್ಲಿ ಬರೀ ತಾರೀಕು. ಒಂದನ್ನು ಒತ್ತಲು ಹೋಗಿ ಇನ್ನೊಂದು ಹೋದೀತೆಂದು ಬೆರಳು ಹಿಂದೆಗೆಯುತ್ತಿದ್ದ. ಹೀಗೇ ಹತ್ತು ನಿಮಿಷ ದಂಡವಾಗಿರಬೇಕು, ಬೆನ್ನ ಹಿಂದೆ ಮಾತು ಕೇಳಿತು.

"ಅದು ಬೇಡ. ಅವತ್ತು ನನಗೆ ಜ್ವರ, ಕೈ ಸರಿಯಾಗಿ ಎತ್ತಿಲ್ಲ. ಅದರ ಕೆಳಗಿಂದು ಹಾಕಿ. ಕೋರ್ಟಿಂದು ದೊಡ್ಡ ಸುದ್ದಿ ಇತ್ತು, ತೀರ್ಪು, ಸಾಕ್ಷಿ, ಮೇಲ್ಮನವಿ ಎಲ್ಲ ಬರುತ್ತೆ."

ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ಅವನು ರಿಮೋಟ್ ಹಿಡಿದೇ ಅವಳತ್ತ ತಿರುಗಿದ. ಮಾತಾಡಿದರೆ ಎದ್ದುಹೋದಾಳೆಂಬ ಭಯ.

"ಬಾಯಿ ಬಿಟ್ಕೊಂಡು ನನ್ನನ್ನೇನು ನೋಡ್ತೀರಿ? ಒತ್ತಿ."

ಅಲ್ಲಿಂದ ಬುಧವಾರ ಸಂಜೆಯವರೆಗೆ ಆರಿಸಿದ್ದೆಲ್ಲ ಅವಳೇ. ಯಾವ ದಿನ ಯಾವ ಸುದ್ದಿ ಎಂಬುದು ಅವಳಿಗೆ ಬಾಯಿಪಾಠ. ಪ್ರವಾಹದ ವಾರದ ವಾರ್ತೆಗಳೇ ಅವಳಿಗೆ ಹೆಸರು ತಂದಿದ್ದವು, ಎಷ್ಟೋ ಜನ ಪತ್ರ ಬರೆದಿದ್ದರು. ಅವನ್ನು ಮೊದಲು ಇಳಿಸೋಣ ಎಂದು ಅವನು ಅಂಗಲಾಚಿದ. ಅವಳು ಒಪ್ಪಲಿಲ್ಲ. "ಅದರಲ್ಲಿ ನೀರು, ದೋಣಿ, ಓಡಿ, ಇಷ್ಟೇ ಇರೋದು. ಅದು ಮಕ್ಕಳಿಗೆ ಗೊತ್ತು. ಬ್ಯಾಂಕು, ಆಸ್ಪತ್ರೆ, ಕೆಲಸದ್ದು ಹಾಕಿ."

ಗುರುವಾರ ಬೆಳಗ್ಗೆ ಎಂಟಕ್ಕೇ ಶುರುಮಾಡಿದರು. ಒಂಬತ್ತು ಮುಕ್ಕಾಲಾಯಿತು. ಇನ್ನೊಂದಕ್ಕೆ ಹೊತ್ತಿದೆಯಾ ಎಂದು ಅವನು ಗಡಿಯಾರ ನೋಡಿದ, ಹದಿನೈದು ನಿಮಿಷ ಸರಿಯಾಗಿತ್ತು. ಪ್ರವಾಹದ್ದೊಂದನ್ನು ಕಣ್ಣುಮುಚ್ಚಿ ಒತ್ತಿಬಿಟ್ಟ. ಹೆಂಡತಿ ಆಗ ಕಿಟಕಿಯ ಕಡೆ ನೋಡುತ್ತಿದ್ದಳು. ಕೆಳಗೆ ರಸ್ತೆಯಲ್ಲಿ ಲೈನಿನವರ ಏಣಿ ಬಂದು ನಿಂತಿತ್ತು. "ಹತ್ತಕ್ಕೆ ಅಂದಿದ್ದಾರೆ, ಹತ್ತಕ್ಕೇ ತೆಗೀತಾರೆ" ಎಂದು ಅವನು ತನಗೆ ತಾನೇ ಹೇಳಿಕೊಂಡ. ಹತ್ತಕ್ಕೆ ಆರು ನಿಮಿಷವಿರುವಾಗ ಫ್ಯಾನು ನಿಧಾನವಾಯಿತು. ಪರದೆ ಕಪ್ಪಾಯಿತು. ಆರು ದಿನದಿಂದ ತಲೆಯೊಳಗೆ ಹೊಡೆಯುತ್ತಿದ್ದ ಟಿಕ್ ಟಿಕ್ ನಿಂತುಹೋಯಿತು.

ಸಂಜೆ ಕರೆಂಟ್ ಬಂದ ಮೇಲೆ ಬಾಕ್ಸಿನ ಕೆಂಪು ದೀಪ ಎರಡು ಸಲ ಮಿಟುಕಿ ಆರಿತು. ಅಷ್ಟೇ. ಇನ್ನೂರ ಹನ್ನೆರಡರಲ್ಲಿ ತೊಂಬತ್ತನಾಲ್ಕು ಉಳಿದಿದ್ದವು. ಪ್ರವಾಹದ್ದು ಒಂದೂ ಸಿಗಲಿಲ್ಲ. ಅವನು ಸತ್ತ ಬಾಕ್ಸಿನ ಮುಂದೆ ಕೂತು ಅತ್ತ. ಹೆಂಡತಿ ಬಂದು ಎಡಗೈಯಲ್ಲಿ ಅವನ ತಲೆ ಸವರಿದಳು. "ನನಗೇ ಬೇಡವಾಗಿದ್ದಕ್ಕೆ ನೀವ್ಯಾಕ್ರೀ ಅಳ್ತೀರಿ?" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಕತ್ತರಿಸಿ, ಹೊಂದಿಸಿ, ಡಿಸ್ಕಿಗೆ ಬರೆಯಲು ಮೂರು ವಾರ ಹಿಡಿಯಿತು. ಒಂದೊಂದಕ್ಕೂ ಮೂರು ಮೂರು ಪ್ರತಿ ಮಾಡಿದ. ಶಾಲೆಯಲ್ಲಿ ಮೊದಲ ಡಿಸ್ಕ್ ಹಾಕುವ ದಿನ ಹೆಂಡತಿಯೂ ಹೊರಟಳು. ಹಿಂದಿನ ಬೆಂಚಿನಲ್ಲಿ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂತಳು. ಹದಿನಾರು ಮಕ್ಕಳು ಕತ್ತೆತ್ತಿ ನೋಡುತ್ತಾ, ಟಿವಿಯ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿಯಲು ಹವಣಿಸುತ್ತಿದ್ದವು. ಎರಡು ಜಡೆಯ ಒಬ್ಬಳು ಹುಡುಗಿ ಟಿವಿಯನ್ನೂ ಹಿಂದಿನ ಬೆಂಚನ್ನೂ ತಿರುತಿರುಗಿ ನೋಡಿ, ಎದ್ದು ಬಂದು, ನೀನೇನಾ ಎಂದು ಸನ್ನೆ ಮಾಡಿದಳು. ಹೌದು ಎಂದು ತಾಯಿ ತಲೆಯಾಡಿಸಿದಳು. ಹಾಗಾದರೆ ಆ ಮಾತಿಗೆ ಅರ್ಥವೇನು, ಈಗ ತಾನೇ ಬಂತಲ್ಲ ಅದು ಎಂದಳು ಹುಡುಗಿ.

ಭೂತಗನ್ನಡಿ ಬಾಗಿಲ ಬಳಿ ನಿಂತಿದ್ದ. ಹೆಂಡತಿ ಮಗಳ ಕಡೆ ನೋಡಿದಳು. ಮಗಳು ಬೇಕೆಂದೇ ಕಪ್ಪುಹಲಗೆಯ ಕಡೆ ತಿರುಗಿಕೊಂಡಳು. ಹುಡುಗಿ ಕಾಯುತ್ತಾ ನಿಂತಿದ್ದಳು. ಆಗ ಸೆರಗು ಸರಿಯಿತು, ಎಡಗೈ ಹೊರಗೆ ಬಂತು. ಮೊದಲ ಸಲ ಎಡವಿತು. ಎರಡನೇ ಸಲ ನಿಧಾನಕ್ಕೆ, ಅರ್ಧರ್ಧವಾಗಿ ಹೇಳಿತು. ಹುಡುಗಿ ಅದನ್ನು ಬಲಗೈಗೆ ಬದಲಿಸಿಕೊಂಡು ಒಪ್ಪಿಸಿದಳು. ಅವಳಿಗೆ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ಅಷ್ಟರಲ್ಲಿ ಮತ್ತೆ ನಾಲ್ಕು ಮಕ್ಕಳು ಬೆಂಚಿನ ಸುತ್ತ ನೆರೆದಿದ್ದವು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಎಡಗೈ ಬೆರಳುಗಳನ್ನು ಮಡಿಸುತ್ತಾ ಬಿಡಿಸುತ್ತಾ ಕಿಟಕಿಯಾಚೆ ನೋಡುತ್ತಿದ್ದಳು. ಅವನಿಗೆ ತಳಮಳ. ತಪ್ಪಾಯಿತೇ, ಕರೆದುಕೊಂಡು ಹೋಗಬಾರದಿತ್ತೇ?

"ರೀ" ಎಂದಳು ಕೊನೆಗೆ. "ಎರಡನೇ ವಾರ್ತೇಲಿ 'ವಿಮೆ' ಅನ್ನೋದನ್ನ ನಾನು ತಪ್ಪು ಮಾಡಿದೀನಿ. ಇಷ್ಟು ವರ್ಷ ಒಬ್ರೂ ಹೇಳ್ಲಿಲ್ಲ ನೋಡಿ. ಡಿಸ್ಕ್ ಮೇಲೆ ಬರೆದಿಡಿ. ಶನಿವಾರ ಹೋದಾಗ ಸರಿಯಾದ್ದು ತೋರಿಸ್ತೀನಿ."

ಅವನು ಚೀಲದಿಂದ ಡಿಸ್ಕಿನ ಇನ್ನೊಂದು ಪ್ರತಿ ತೆಗೆದು ತೊಡೆಯ ಮೇಲಿಟ್ಟುಕೊಂಡ, ಪೆನ್ನಿನ ಮುಚ್ಚಳ ತೆಗೆದ. ಈ ಶಾಯಿಯಿಂದ ಡಿಸ್ಕಿಗೆ ಏನಾದರೂ ಆದೀತೇ ಎಂದು ಒಂದು ಕ್ಷಣ ಕೈ ತಡೆಯಿತು. ಶಾಲೆಯಲ್ಲೊಂದು, ಮನೆಯಲ್ಲೊಂದು ಪ್ರತಿ ಇದೆಯಲ್ಲ ಎಂದುಕೊಂಡು, ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಬರೆದ.